‘ಪದವಷ್ಟೇ’ ಎಂಬ ತೀರ್ಮಾನದ ಮರುಪರಿಶೀಲನೆ: ಮಕ್ಕಳ ಇಂಗ್ಲಿಷ್ ಬರವಣಿಗೆ ಮತ್ತು ಮಾದರಿ ಪಠ್ಯ

ಎರಡನೆಯ ಭಾಷೆಯ ಬರಹದಲ್ಲಿ ವ್ಯಾಕರಣದ ತಪ್ಪು ತಿದ್ದುವುದನ್ನೇ ಬಿಡಬೇಕೆಂದು ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದಂದಿನಿಂದ ಆ ಚರ್ಚೆ ತಣ್ಣಗಾಗಿಲ್ಲ. ತಿದ್ದುವ ಬದಲು, ಅದೇ ವಿಷಯದ ಮಾದರಿ ಪಠ್ಯವನ್ನು ಕೊಟ್ಟು ಮಗುವೇ ಹೋಲಿಸಿ ನೋಡುವಂತೆ ಮಾಡುವ ಕ್ರಮಕ್ಕೆ ಕಲಿಯಲು ಭಾಷಾರೂಪವನ್ನು ಗಮನಿಸಬೇಕೆಂಬ ರಿಚರ್ಡ್ ಶ್ಮಿಟ್ ಅವರ ಮತ್ತು ಭಾಷೆ ಬಳಸಹೊರಟಾಗ ತನ್ನ ಕೊರತೆ ಕಾಣುತ್ತದೆಂಬ ಮೆರಿಲ್ ಸ್ವೇನ್ ಅವರ ಸಿದ್ಧಾಂತಗಳು ಆಧಾರ. ಇವು ಪರಿಚಿತ.

ವಿವಾದವಿರುವುದು ಬೇರೆ ಕಡೆ. ಸ್ಪೇನ್‌ನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳನ್ನು ಕುರಿತ ಯ್ವೆಟ್ ಕಾಯ್ಲ್ ಮತ್ತು ಹೂಲಿಯೊ ರೋಕಾ ದೆ ಲಾರಿಯೋಸ್ ಅವರ 2014ರ ಅಧ್ಯಯನದಲ್ಲಿ ಮೂರು ಹಂತಗಳಿದ್ದವು: ಬರೆಯುವುದು, ಅದನ್ನು ಕೆಲವರು ತಿದ್ದುಪಡಿಯೊಡನೆ, ಕೆಲವರು ಮಾದರಿ ಪಠ್ಯದೊಡನೆ ಹೋಲಿಸುವುದು, ಮತ್ತೆ ಬರೆಯುವುದು. ತಿದ್ದುಪಡಿ ಪಡೆದವರು ಸರಿಯಾದ, ಅರ್ಥವಾಗುವ ರೂಪಗಳನ್ನು ಹೆಚ್ಚು ಬರೆದರು. ಮಾದರಿ ಪಠ್ಯ ಪಡೆದವರ ಗಮನ ಬಹುಪಾಲು ಪದಗಳ ಮೇಲಿತ್ತು. ಮಾದರಿ ಪಠ್ಯ ಪದ ಕಲಿಸೀತು, ವ್ಯಾಕರಣ ಕಲಿಸದು ಎಂದು ಇದರಿಂದ ಹೊರಡಿಸುವ ನಿರ್ಣಯವನ್ನು ನಾನು ಒಪ್ಪಲಾರೆ.

ಸೈಕಲ್‌ನಿಂದ ಬಿದ್ದ ಹುಡುಗನ ಚಿತ್ರಕ್ಕೆ ಮಗುವೊಂದು ‘ದ ಬಾಯ್ ಈಸ್ ಇನ್ ದ ಫ್ಲೋರ್’ ಎಂದು ಬರೆದಿದೆ ಎನ್ನೋಣ. ಬಿದ್ದ ಎನ್ನಲು ಅದಕ್ಕೆ ಮಾತು ಸಿಗಲಿಲ್ಲ. ಮಾದರಿಯಲ್ಲಿ ‘ಫೆಲ್ ಆಫ್ ಹಿಸ್ ಬೈಕ್’ ಎಂದಿದೆ. ಮಗು ಅದನ್ನೇ ಎತ್ತಿಕೊಳ್ಳುತ್ತದೆ. ಸಂಶೋಧಕರ ಪಟ್ಟಿಯಲ್ಲಿ ಇದು ಪದಸಂಪತ್ತಿನ ಕಲಮಿಗೆ ಸೇರುತ್ತದೆ. ಆದರೆ ಆ ತುಣುಕಿನೊಳಗೆ ಭೂತಕಾಲದ ಅನಿಯಮಿತ ರೂಪವಿದೆ, ಕ್ರಿಯಾಪದಕ್ಕೆ ಅಂಟಿಬರುವ ‘ಆಫ್’ ಇದೆ, ಹುಡುಗನಿಗೆ ಹೊಂದುವ ‘ಹಿಸ್’ ಇದೆ. ಇಡಿಯಾಗಿ ಬಂದದ್ದನ್ನು ಒಂದೇ ಕಲಮಿಗೆ ಹಾಕಿದರೆ ವ್ಯಾಕರಣ ಲೆಕ್ಕದಿಂದ ಜಾರುತ್ತದೆ. ಮಾದರಿ ಪಠ್ಯದ ಕೊರತೆ ಎಂದು ಕಾಣುವುದರಲ್ಲಿ ಒಂದು ಪಾಲಾದರೂ ನಮ್ಮ ವರ್ಗೀಕರಣದ ಕೊರತೆ ಎಂಬುದು ನನ್ನ ವಾದ.

ಇದನ್ನು ಎಳೆದು ಹಿಗ್ಗಿಸಬಾರದು. ತುಣುಕನ್ನು ಎತ್ತಿಕೊಂಡ ಮಾತ್ರಕ್ಕೆ ನಿಯಮ ತಿಳಿಯಿತು ಎನ್ನಲಾಗದು. ಅದು ಬರಿಯ ನಕಲೂ ಇದ್ದೀತು. ಪದಗಳತ್ತ ಒಲವು ಮಕ್ಕಳಿಗಷ್ಟೇ ಸೀಮಿತವೂ ಅಲ್ಲ: 2007ರಲ್ಲಿ ಒಸಾಮು ಹನಾಒಕಾ ಜಪಾನಿನ ಕಾಲೇಜು ವಿದ್ಯಾರ್ಥಿಗಳಲ್ಲೂ ಇದನ್ನೇ ಕಂಡರು. ಕಥೆ ಹೇಳಹೊರಟವರಿಗೆ ಮೊದಲು ಬೇಕಾಗುವುದು ಮಾತು. ಒಲವಿನ ಮೂಲ ವಯಸ್ಸಿಗಿಂತ ಬರವಣಿಗೆಯ ಕೆಲಸದಲ್ಲೇ ಇದ್ದಿರಬಹುದು.

ತಿದ್ದುಪಡಿ ಮಗುವಿನ ವಾಕ್ಯದೊಳಗೇ ಉಳಿಯುತ್ತದೆ, ಮಗು ಬರೆಯಲಾಗದೆ ಬಿಟ್ಟದ್ದನ್ನು ಮುಟ್ಟುವುದಿಲ್ಲ. ಆ ಕೆಲಸ ಮಾದರಿಯದು. ಆದರೆ ಮಾದರಿಯಿಂದ ಎತ್ತಿಕೊಂಡ ತುಣುಕು ತಿಂಗಳುಗಳ ನಂತರ, ಬೇರೊಂದು ಕಥೆಯಲ್ಲಿ, ಬೇರೆ ಕ್ರಿಯಾಪದದ ಜೊತೆ ಒಡೆದು ಬಳಕೆಯಾಗುವುದೇ ಎಂಬುದನ್ನು ಅದೇ ಮಕ್ಕಳ ಬರಹಗಳನ್ನು ದೀರ್ಘಕಾಲ ಹಿಂಬಾಲಿಸಿಯೇ ನಿರ್ಧರಿಸಬೇಕು.