ದೈವಪ್ರೀತಿ ಮತ್ತು ನೆರೆಪ್ರೀತಿ (ಮೈಸೂರು ಸೀಮೆಯ ಕ್ರೈಸ್ತ ಪರಂಪರೆ)

ದೈವಪ್ರೀತಿ ಮತ್ತು ನೆರೆಪ್ರೀತಿ ಕ್ರೈಸ್ತಧರ್ಮದ ನೈತಿಕ ಬೋಧನೆಯ ಕೇಂದ್ರದಲ್ಲಿರುವ ಜೋಡಿ ಆಜ್ಞೆಗಳು. ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸುವುದು ಮೊದಲನೆಯದು. ನೆರೆಯವರನ್ನು ತನ್ನಂತೆಯೇ ಭಾವಿಸಿ ಪ್ರೀತಿಸುವುದು ಎರಡನೆಯದು. ಇವೆರಡನ್ನೂ ಬೇರ್ಪಡಿಸಲಾಗದು, ಮೊದಲನೆಯದರ ಸತ್ಯಾಸತ್ಯತೆ ಎರಡನೆಯದರಲ್ಲಿ ತಿಳಿಯುತ್ತದೆ ಎಂಬುದು ಕ್ರೈಸ್ತ ಸಭೆಗಳ ಸಾಮಾನ್ಯ ನಿಲುವು. ಮೈಸೂರು ಜಿಲ್ಲೆಯಲ್ಲಿ, ವಿಶೇಷವಾಗಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ, ಕ್ರೈಸ್ತರು ಅಲ್ಪಸಂಖ್ಯಾತರು. ಅವರ ನೆರೆಯವರಲ್ಲಿ ಹೆಚ್ಚಿನವರು ಅನ್ಯಧರ್ಮೀಯರು. ಆದ್ದರಿಂದ ಇಲ್ಲಿ ಈ ಬೋಧನೆಯ ಆಚರಣೆಗೆ ಸಭೆಯ ಹೊರಗಿನ ಜನರೊಡನೆ ಬಾಳುವ ರೀತಿ ಎಂಬ ಅರ್ಥವೂ ಇದೆ.

## ಪರಿಕಲ್ಪನೆ

ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕಿನಲ್ಲಿ ಈ ಪ್ರೀತಿಗೆ 'ಅಗಾಪೆ' ಎಂಬ ಪದವಿದೆ. ಇದು ಪ್ರತಿಫಲವನ್ನು ಎದುರುನೋಡದೆ ಇನ್ನೊಬ್ಬರ ಹಿತವನ್ನು ಬಯಸುವ, ಅದಕ್ಕಾಗಿ ಶ್ರಮಿಸುವ ಮನೋಧರ್ಮವನ್ನು ಸೂಚಿಸುತ್ತದೆ. ಕನ್ನಡ ಕ್ರೈಸ್ತರಲ್ಲಿ ನೆರೆಪ್ರೀತಿ, ಪರಪ್ರೀತಿ, ಪರಸೇವೆ ಎಂಬ ಪದಗಳು ಬಳಕೆಯಲ್ಲಿವೆ. ಇದನ್ನು ಕೇವಲ ಭಾವನೆಯೆಂದು ಬೋಧಕರು ಪರಿಗಣಿಸುವುದಿಲ್ಲ. ಇಷ್ಟವಿಲ್ಲದವರಿಗೂ ಒಳಿತನ್ನು ಮಾಡುವ ನಿರ್ಧಾರವೇ ಇದರ ತಿರುಳು.

ಕಥೋಲಿಕ ಪರಂಪರೆಯು ನೆರೆಪ್ರೀತಿಯ ಕೆಲಸಗಳನ್ನು ಏಳು ದೈಹಿಕ ದಯಾಕಾರ್ಯಗಳಾಗಿ ವಿಂಗಡಿಸಿದೆ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ ಹಾಗೂ ನೆಲೆಯಿಲ್ಲದವರಿಗೆ ಆಶ್ರಯ ನೀಡುವುದು, ರೋಗಿಗಳನ್ನು ಮತ್ತು ಸೆರೆಯಾಳುಗಳನ್ನು ಸಂದರ್ಶಿಸುವುದು, ಸತ್ತವರನ್ನು ಮಣ್ಣುಮಾಡುವುದು ಅವುಗಳಾಗಿವೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮೆಥಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ ಭಕ್ತಿಯ ಕಾರ್ಯಗಳು ಮತ್ತು ದಯೆಯ ಕಾರ್ಯಗಳು ಎಂಬ ಎರಡು ಬಗೆಯ ಸಾಧನೆಗಳನ್ನು ಒಟ್ಟಿಗೆ ಬೋಧಿಸಿದನು. ಈ ಎರಡೂ ಪರಂಪರೆಗಳು ಮೈಸೂರು ಸೀಮೆಯನ್ನು ತಲುಪಿವೆ.

## ಧರ್ಮಗ್ರಂಥದ ಆಧಾರ

ಈ ಎರಡು ಆಜ್ಞೆಗಳು ಯೆಹೂದ್ಯ ಧರ್ಮಗ್ರಂಥದಲ್ಲಿ ಬೇರೆ ಬೇರೆ ಕಡೆ ಇವೆ. ದೇವರನ್ನು ಪ್ರೀತಿಸಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿಯೂ ನೆರೆಯವರನ್ನು ಪ್ರೀತಿಸಬೇಕೆಂಬುದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿಯೂ ಬರುತ್ತವೆ. ಅತಿಮುಖ್ಯವಾದ ಆಜ್ಞೆ ಯಾವುದೆಂದು ಯೇಸುವನ್ನು ಕೇಳಿದಾಗ ಆತನು ಎರಡನ್ನೂ ಜೊತೆಗೂಡಿಸಿ ಉತ್ತರಿಸಿದನೆಂದು ಮತ್ತಾಯ ಹಾಗೂ ಮಾರ್ಕನ ಸುವಾರ್ತೆಗಳು ತಿಳಿಸುತ್ತವೆ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಒಬ್ಬ ಧರ್ಮಶಾಸ್ತ್ರಿ ನೆರೆಯವನು ಯಾರು ಎಂಬ ಪ್ರಶ್ನೆಯನ್ನು ಎತ್ತುತ್ತಾನೆ. ಉತ್ತರವಾಗಿ ಯೇಸು ಒಂದು ಸಾಮತಿಯನ್ನು ಹೇಳುತ್ತಾನೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಅವನ ಜನಾಂಗದ ಯಾಜಕನೂ ಲೇವಿಯನೂ ಕಂಡೂ ಕಾಣದಂತೆ ಸಾಗಿಹೋಗುತ್ತಾರೆ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬನು ಅವನ ಗಾಯಗಳನ್ನು ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚನ್ನೂ ಕೊಡುತ್ತಾನೆ. ಕಥೆಯ ಕೊನೆಯಲ್ಲಿ ಪ್ರಶ್ನೆಯೇ ಬದಲಾಗುತ್ತದೆ. ನೆರೆಯವನು ಯಾರು ಎಂದು ಎಣಿಸುವುದನ್ನು ಬಿಟ್ಟು ತಾನು ಯಾರಿಗೆ ನೆರೆಯವನಾದೆನು ಎಂದು ಕೇಳಿಕೊಳ್ಳಬೇಕಾಗುತ್ತದೆ. ಕಣ್ಣಿಗೆ ಕಾಣುವ ಸೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರನು ಎಂಬ ವಾದವನ್ನು ಯೋವಾನನ ಮೊದಲನೆಯ ಪತ್ರವೂ, ಕ್ರಿಯೆಯಿಲ್ಲದ ವಿಶ್ವಾಸವು ನಿರ್ಜೀವ ಎಂಬುದನ್ನು ಯಾಕೋಬನ ಪತ್ರವೂ ಮುಂದಿಡುತ್ತವೆ.

## ಪ್ರಾದೇಶಿಕ ಹಿನ್ನೆಲೆ

ನಾಲ್ಕು ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮ ಮತ್ತು ವಾಯವ್ಯ ಭಾಗದಲ್ಲಿವೆ. ಕೃಷ್ಣರಾಜನಗರವು ಕಾವೇರಿ ನಾಲೆಗಳ ಭತ್ತದ ಸೀಮೆ. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾಗಿವೆ. ಹೆಗ್ಗಡದೇವನಕೋಟೆಯು ಕಾಡಂಚಿನ ತಾಲ್ಲೂಕಾಗಿದ್ದು ಜೇನುಕುರುಬ, ಬೆಟ್ಟಕುರುಬ ಮೊದಲಾದ ಆದಿವಾಸಿ ಸಮುದಾಯಗಳ ಹಾಡಿಗಳನ್ನು ಹೊಂದಿದೆ. ಕಬಿನಿ ಜಲಾಶಯ ಮತ್ತು ನಾಗರಹೊಳೆ ಅರಣ್ಯದ ಸಂರಕ್ಷಣೆಯ ಕಾರಣದಿಂದ ಇಲ್ಲಿನ ಹಲವು ಕುಟುಂಬಗಳು ನೆಲೆ ಕಳೆದುಕೊಂಡವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. ಇತ್ತೀಚೆಗೆ ಕೃಷ್ಣರಾಜನಗರದಿಂದ ಸಾಲಿಗ್ರಾಮವೂ ಹೆಗ್ಗಡದೇವನಕೋಟೆಯಿಂದ ಸರಗೂರೂ ಪ್ರತ್ಯೇಕ ತಾಲ್ಲೂಕುಗಳಾದವು.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣ ಶೇ. 1.87. ಈ ಪ್ರದೇಶದ ಕಥೋಲಿಕರು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಾಡಳಿತ ಘಟಕವಾಯಿತು. 1886ರಲ್ಲಿ ಪೂರ್ಣ ಧರ್ಮಪ್ರಾಂತ್ಯವಾಯಿತು. ಪ್ರಾಟೆಸ್ಟೆಂಟರಲ್ಲಿ ಹಿಂದಿನ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.

## ಇತಿಹಾಸ

### ಅಬ್ಬೆ ದುಬಾಯ್

ಮೈಸೂರು ಸೀಮೆಯ ಕ್ರೈಸ್ತ ಸೇವಾ ಪರಂಪರೆಯಲ್ಲಿ ಮೊದಲು ನೆನೆಯಲಾಗುವ ಹೆಸರು ಫ್ರೆಂಚ್ ಪಾದ್ರಿ ಅಬ್ಬೆ ಜೆ. ಎ. ದುಬಾಯ್ ಅವರದು. 1792ರಲ್ಲಿ ಗುರುದೀಕ್ಷೆ ಪಡೆದು ಭಾರತಕ್ಕೆ ಹೊರಟ ಅವರು, 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಬಳಿಕ ಮೈಸೂರು ರಾಜ್ಯಕ್ಕೆ ಬಂದು, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮರಳಿ ಸಂಘಟಿಸಿದರು. ಸ್ಥಳೀಯರಂತೆ ಉಡುಪು ತೊಟ್ಟು, ಅವರ ಆಹಾರ ಮತ್ತು ನಡವಳಿಕೆಗಳನ್ನು ರೂಢಿಸಿಕೊಂಡ ಅವರನ್ನು ಜನರು 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ಆ ಕಾಲದಲ್ಲಿ ಸಿಡುಬು ಊರೂರನ್ನೇ ಬರಿದುಮಾಡುತ್ತಿತ್ತು. ಅದನ್ನು ಜನರು 'ಅಮ್ಮ'ನೆಂದು ಪೂಜಿಸುತ್ತಿದ್ದರು. ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದ ಲಸಿಕೆಯ ವಿಧಾನ 1802ರಲ್ಲಿ ಭಾರತವನ್ನು ತಲುಪಿತು. ಅದಾದ ಕೆಲವೇ ಕಾಲದಲ್ಲಿ ದುಬಾಯ್ ಮೈಸೂರು ರಾಜ್ಯದಲ್ಲಿ ಅದರ ಪ್ರಸಾರಕ್ಕೆ ತೊಡಗಿದರು. 1803–04ರಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದುದು ದಾಖಲಾಗಿದೆ. ಬಡ ಕ್ರೈಸ್ತ ಕುಟುಂಬಗಳಿಗಾಗಿ ಅವರು ಹಾಸನದ ಸಮೀಪ ಕೃಷಿ ನೆಲೆಯೊಂದನ್ನೂ ಕಟ್ಟಿದರು.

1823ರಲ್ಲಿ ಫ್ರಾನ್ಸಿಗೆ ಮರಳಿದ ದುಬಾಯ್, ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳ ಸಂಕಲನದಲ್ಲಿ ಭಾರತದಲ್ಲಿ ಮತಾಂತರದ ಪ್ರಯತ್ನ ಬಹುಮಟ್ಟಿಗೆ ನಿಷ್ಫಲವೆಂದು ಬರೆದರು. ಧರ್ಮಪ್ರಸಾರಕರಾಗಿ ತಾವು ಸೋತೆವೆಂದು ಭಾವಿಸಿದ್ದ ಅವರು ಲಸಿಕೆ ಮತ್ತು ಕೃಷಿ ನೆಲೆಗಳಿಂದಲೇ ಇತಿಹಾಸದಲ್ಲಿ ಉಳಿದರು. ಹಿಂದೂ ಸಮಾಜದ ರೀತಿನೀತಿಗಳನ್ನು ಕುರಿತ ಅವರ ಗ್ರಂಥ ಪ್ರಸಿದ್ಧವಾದರೂ ಅದರ ಬಹುಭಾಗ ಹಿಂದಿನ ಯೇಸುಸಭೆಯ ಪಾದ್ರಿ ಕೂರ್ದು ಅವರ ಬರಹವನ್ನು ಅವಲಂಬಿಸಿದೆ ಎಂದು ವಿದ್ವಾಂಸರು ತೋರಿಸಿದ್ದಾರೆ.

### ಬರಗಾಲ ಮತ್ತು ಅನಾಥಾಲಯಗಳು

1876–78ರ ಮಹಾ ಬರಗಾಲದಲ್ಲಿ ಮೈಸೂರು ಸಂಸ್ಥಾನವು ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಗಂಜಿಕೇಂದ್ರಗಳಲ್ಲಿ ಉಳಿದುಕೊಂಡ ಅನಾಥ ಮಕ್ಕಳನ್ನು ಸರ್ಕಾರದೊಂದಿಗೆ ಮಿಷನ್ನುಗಳೂ ವಹಿಸಿಕೊಂಡವು. ವೆಸ್ಲಿಯನ್ ಮಿಷನ್ ತುಮಕೂರು ಮತ್ತು ಹಾಸನಗಳಲ್ಲಿ ಅನಾಥಾಲಯಗಳನ್ನು ನಡೆಸಿತು; ಕಥೋಲಿಕ ಮಿಷನ್ ಅನಾಥರಿಗಾಗಿ ಕೃಷಿ ಹಳ್ಳಿಗಳನ್ನು ಕಟ್ಟಿತು. ಈ ಮಕ್ಕಳು ಬದುಕುಳಿದರು, ಆದರೆ ಕ್ರೈಸ್ತರಾಗಿ ಬೆಳೆದರು. ನೆರವು ಮತ್ತು ಮತಾಂತರದ ನಡುವಿನ ಗೆರೆ ಎಲ್ಲಿದೆ ಎಂಬ ಚರ್ಚೆಯಲ್ಲಿ ಈ ಪ್ರಸಂಗ ಇಂದಿಗೂ ಉಲ್ಲೇಖವಾಗುತ್ತದೆ.

### ಮಿಷನ್ ಆಸ್ಪತ್ರೆ

1906ರಲ್ಲಿ ವೆಸ್ಲಿಯನ್ ಮಿಷನ್ ಮೈಸೂರಿನಲ್ಲಿ ಸ್ತ್ರೀಯರು ಮತ್ತು ಮಕ್ಕಳಿಗಾಗಿ ಆಸ್ಪತ್ರೆಯನ್ನು ತೆರೆಯಿತು. ಮಿಷನರಿಯೊಬ್ಬರ ಪತ್ನಿ ಮೇರಿ ಹೋಲ್ಡ್ಸ್‌ವರ್ತ್ ಅವರ ನೆನಪಿನಲ್ಲಿ ಸ್ಥಾಪಿತವಾದ ಇದು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಜನರ ಬಾಯಲ್ಲಿ ಅದು 'ಮಿಷನ್ ಆಸ್ಪತ್ರೆ'. ಪುರುಷ ವೈದ್ಯರ ಬಳಿಗೆ ಹೋಗಲು ಹಿಂಜರಿಯುತ್ತಿದ್ದ ಹೆಂಗಸರಿಗೆ ಹೆರಿಗೆಯ ಸಮಯದಲ್ಲಿ ಇದು ದೊಡ್ಡ ಆಸರೆಯಾಯಿತು.

## ದೋರನಹಳ್ಳಿ

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯಲ್ಲಿರುವ ಸಂತ ಅಂತೋಣಿಯವರ ದೇವಾಲಯವು ಈ ಪ್ರದೇಶದ ಪ್ರಮುಖ ಕ್ರೈಸ್ತ ಯಾತ್ರಾಸ್ಥಳ. ಸುಮಾರು ಇನ್ನೂರು ವರ್ಷಗಳ ಹಿಂದೆ ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಸನ್ಯಾಸಿಯ ರೂಪದ ಮರದ ಪ್ರತಿಮೆ ದೊರೆಯಿತು, ಆ ಸನ್ಯಾಸಿ ಕನಸಿನಲ್ಲಿ ಕಾಣಿಸಿಕೊಂಡು ಗುಡಿ ಕಟ್ಟಿಸುವಂತೆ ಸೂಚಿಸಿದನು, ಅದು ಪಾದುವದ ಸಂತ ಅಂತೋಣಿಯ ಪ್ರತಿಮೆಯೆಂದು ಮುಂದೆ ತಿಳಿದುಬಂತು ಎಂಬುದು ಸ್ಥಳದ ಐತಿಹ್ಯ. ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ, 2019ರಲ್ಲಿ ಈ ದೇವಾಲಯಕ್ಕೆ ಕಿರಿಯ ಬಸಿಲಿಕದ ಸ್ಥಾನಮಾನ ದೊರೆಯಿತು.

ಅಂತೋಣಿ 1195ರಲ್ಲಿ ಲಿಸ್ಬನ್ನಿನಲ್ಲಿ ಜನಿಸಿದ ಫ್ರಾನ್ಸಿಸ್ಕನ್ ಸನ್ಯಾಸಿ. 1231ರಲ್ಲಿ ಇಟಲಿಯ ಪಾದುವದಲ್ಲಿ ತೀರಿಕೊಂಡ ಅವರಿಗೆ ಮರುವರ್ಷವೇ ಸಂತಪದವಿ ಲಭಿಸಿತು. ಕಳೆದುಹೋದುದನ್ನು ಹುಡುಕಿಕೊಡುವ ಸಂತರೆಂದು ಅವರನ್ನು ಪ್ರಾರ್ಥಿಸಲಾಗುತ್ತದೆ. ಜೂನ್ 13 ಅವರ ಹಬ್ಬ. ದೋರನಹಳ್ಳಿಯ ಹಬ್ಬಕ್ಕೆ ಕ್ರೈಸ್ತರಲ್ಲದೆ ಸುತ್ತಲಿನ ಇತರ ಧರ್ಮೀಯರೂ ಹರಕೆ ಹೊತ್ತು ಬರುತ್ತಾರೆ.

ಅಂತೋಣಿಯವರ ಭಕ್ತಿಯೊಡನೆ 'ಅಂತೋಣಿಯವರ ರೊಟ್ಟಿ' ಎಂಬ ಸಂಪ್ರದಾಯವು ಹೆಣೆದುಕೊಂಡಿದೆ. ಬೇಡಿದ್ದು ಕೈಗೂಡಿದರೆ ಬಡವರಿಗೆ ಆಹಾರ ಕೊಡುವುದಾಗಿ ಹರಕೆ ಹೊರುವ ಈ ಪದ್ಧತಿ 1890ರ ದಶಕದಲ್ಲಿ ಫ್ರಾನ್ಸಿನ ಟೂಲಾನ್ ಪಟ್ಟಣದಿಂದ ಜಗತ್ತಿನಾದ್ಯಂತ ಹರಡಿತು. ದೇವರಿಗೆ ಸಲ್ಲಬೇಕಾದ ಹರಕೆಯು ಹಸಿದವರ ಕೈ ಸೇರುವುದರಿಂದ ದೈವಪ್ರೀತಿ ಮತ್ತು ನೆರೆಪ್ರೀತಿಗಳು ಇಲ್ಲಿ ಒಂದೇ ಕ್ರಿಯೆಯಲ್ಲಿ ಕೂಡುತ್ತವೆ. ಅನ್ನದಾನದ ರೂಢಿ ಬಲವಾಗಿರುವ ಮೈಸೂರು ಸೀಮೆಯ ಜನರಿಗೆ ಈ ಪದ್ಧತಿಯ ಅರ್ಥ ಅಪರಿಚಿತವಲ್ಲ.

## ದಿನನಿತ್ಯದ ಆಚರಣೆ

ಕ್ರೈಸ್ತ ಕುಟುಂಬಗಳಲ್ಲಿ ಸಂಜೆಯ ಪ್ರಾರ್ಥನೆ, ಕಥೋಲಿಕರಲ್ಲಿ ಜಪಸರ, ಭಾನುವಾರದ ಆರಾಧನೆ ಇವು ದೈವಪ್ರೀತಿಯ ನಿತ್ಯರೂಪಗಳು. ಇವುಗಳೊಡನೆ ನೆರೆಪ್ರೀತಿಯು ಸಣ್ಣ ಕೆಲಸಗಳಲ್ಲಿ ವ್ಯಕ್ತವಾಗುತ್ತದೆ.

* ತಪಸ್ಸುಕಾಲ: ಪಾಸ್ಖ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳಲ್ಲಿ ಪ್ರಾರ್ಥನೆ, ಉಪವಾಸ ಮತ್ತು ದಾನಗಳನ್ನು ಒಟ್ಟಿಗೆ ಆಚರಿಸಲಾಗುತ್ತದೆ. ಉಪವಾಸದಿಂದ ಉಳಿದದ್ದು ಬಡವರಿಗೆ ಸೇರಬೇಕೆಂಬುದು ಬೋಧನೆ.
* ಪಾದ ತೊಳೆಯುವಿಕೆ: ಪವಿತ್ರ ಗುರುವಾರದಂದು ಗುರುಗಳು ಭಕ್ತರ ಪಾದಗಳನ್ನು ತೊಳೆಯುತ್ತಾರೆ. ಮೇಲಿರುವವನು ಸೇವಕನಾಗಬೇಕೆಂಬುದರ ಸಂಕೇತವಿದು.
* ಕೊಯ್ಲಿನ ಹಬ್ಬ: ದಕ್ಷಿಣ ಭಾರತ ಸಭೆಯ ಆರಾಧಕರು ಬೆಳೆಯ ಮೊದಲ ಫಲಗಳನ್ನು ದೇವಾಲಯಕ್ಕೆ ತರುತ್ತಾರೆ. ಅವುಗಳನ್ನು ಹರಾಜು ಹಾಕಿ ಬಂದ ಹಣವನ್ನು ಸಭೆಯ ಕಾರ್ಯಗಳಿಗೆ ಬಳಸಲಾಗುತ್ತದೆ.
* ಮನೆಭೇಟಿ: 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮಾದರಿಯಲ್ಲಿ, ಧರ್ಮಕೇಂದ್ರದ ಸದಸ್ಯರು ಬಡವರ ಮನೆಗಳಿಗೆ ಸ್ವತಃ ಹೋಗಿ ನೆರವಾಗುವ ಪದ್ಧತಿಯಿದೆ.
* ಸಂಘಟಿತ ಸೇವೆ: ಮೈಸೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯಾದ ಓಡಿಪಿ, ಮಹಿಳೆಯರ ಸ್ವಸಹಾಯ ಸಂಘಗಳು ಹಾಗೂ ರೈತರ ನಡುವೆ ಕೆಲಸ ಮಾಡುತ್ತದೆ.

## ಜಾತಿಯ ಪ್ರಶ್ನೆ

ನೆರೆಪ್ರೀತಿಯ ಬೋಧನೆಗೆ ಭಾರತದಲ್ಲಿ ಎದುರಾದ ಕಠಿಣ ಪರೀಕ್ಷೆ ಜಾತಿ. ದಕ್ಷಿಣ ಭಾರತದ ಹಲವೆಡೆ ದೇವಾಲಯದ ಆಸನ, ಸ್ಮಶಾನ ಮತ್ತು ವಿವಾಹ ಸಂಬಂಧಗಳಲ್ಲಿ ಜಾತಿಭೇದವು ಕ್ರೈಸ್ತರಲ್ಲಿಯೂ ಉಳಿದುಬಂದಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು, ಅದನ್ನು ಪಾಪವೆಂದು ಪರಿಗಣಿಸಿತು.

ಕಾನೂನಿನ ನೆಲೆಯಲ್ಲೂ ಈ ಪ್ರಶ್ನೆಯಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ದಲಿತ ಕ್ರೈಸ್ತರು ಅದರ ಹೊರಗೆ ಉಳಿದರು. ಪರಿಶಿಷ್ಟ ಪಂಗಡಗಳಿಗೆ ಇಂಥ ಧಾರ್ಮಿಕ ನಿರ್ಬಂಧವಿಲ್ಲ.

## ಸೇವೆ ಮತ್ತು ಮತಾಂತರದ ಚರ್ಚೆ

ಶಾಲೆ, ಆಸ್ಪತ್ರೆ ಮತ್ತು ನೆರವುಗಳು ಮತಾಂತರದ ಸಾಧನಗಳು ಎಂಬ ಆಕ್ಷೇಪ ಹಳೆಯದು. ಕರ್ನಾಟಕದಲ್ಲಿ 2022ರಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಬಲವಂತ, ವಂಚನೆ ಮತ್ತು ಆಮಿಷದ ಮತಾಂತರವನ್ನು ನಿಷೇಧಿಸಿತು. ಧಾರ್ಮಿಕ ಸಂಸ್ಥೆಗಳ ಶಾಲೆಗಳಲ್ಲಿ ಉಚಿತ ಶಿಕ್ಷಣ ನೀಡುವುದನ್ನೂ ಆಮಿಷದ ವ್ಯಾಖ್ಯೆಯಲ್ಲಿ ಸೇರಿಸಿತು. ದುರ್ಬಲರ ರಕ್ಷಣೆಗೆ ಇದು ಅಗತ್ಯವೆಂದು ಬೆಂಬಲಿಗರು ವಾದಿಸಿದರು. ಸಹಜ ಸೇವಾಕಾರ್ಯಗಳೂ ಅಪರಾಧದ ಶಂಕೆಗೆ ಒಳಗಾಗುತ್ತವೆ ಎಂದು ಕ್ರೈಸ್ತ ಸಂಘಟನೆಗಳು ಆಕ್ಷೇಪಿಸಿದವು. ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ನಿರ್ಧರಿಸಿತು.

ಈ ವಿಷಯದಲ್ಲಿ ಸಭೆಯ ಅಧಿಕೃತ ಬೋಧನೆ ಸ್ಪಷ್ಟವಾಗಿದೆ. ಪೋಪ್ 16ನೆಯ ಬೆನೆಡಿಕ್ಟ್ 2005ರಲ್ಲಿ ಹೊರಡಿಸಿದ 'ದೇಯುಸ್ ಕಾರಿತಾಸ್ ಎಸ್ತ್' ಎಂಬ ವಿಶ್ವಪತ್ರದ ಪ್ರಕಾರ ಪ್ರೀತಿಯು ಉಚಿತವಾದುದು. ಬೇರೊಂದು ಉದ್ದೇಶವನ್ನು ಸಾಧಿಸುವ ಉಪಾಯವಾಗಿ ಅದನ್ನು ಬಳಸಬಾರದು. ದೇವರ ಬಗ್ಗೆ ಮಾತನಾಡಬೇಕಾದ ಹೊತ್ತು ಯಾವುದು, ಮೌನವಾಗಿದ್ದು ಪ್ರೀತಿಯೇ ಮಾತನಾಡಲು ಬಿಡಬೇಕಾದ ಹೊತ್ತು ಯಾವುದು ಎಂಬುದನ್ನು ಕ್ರೈಸ್ತನು ಅರಿತಿರಬೇಕೆಂದು ಅದು ಬೋಧಿಸುತ್ತದೆ. ಸಮಾರ್ಯದವನ ಸಾಮತಿಯಲ್ಲಿಯೂ ಗಾಯಾಳುವಿನ ಧರ್ಮವನ್ನು ಯಾರೂ ವಿಚಾರಿಸುವುದಿಲ್ಲ, ಗುಣಮುಖನಾದ ಬಳಿಕ ಅವನಿಂದ ಏನನ್ನೂ ಕೇಳುವುದಿಲ್ಲ.

## ಇವನ್ನೂ ನೋಡಿ

* ಅಬ್ಬೆ ದುಬಾಯ್
* ದೋರನಹಳ್ಳಿ
* ಮೈಸೂರು ಧರ್ಮಪ್ರಾಂತ್ಯ
* ದಕ್ಷಿಣ ಭಾರತ ಸಭೆ
* ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ