ಮೂವತ್ತೊಂಬತ್ತು ನಿಮಿಷದ ಲೆಕ್ಕ

ಇಡೀ ದೇಶಕ್ಕೆ ಒಂದೇ ಗಡಿಯಾರ ಅನ್ನುವುದು ಈಗ ನಮಗೆ ತೀರಾ ಸಹಜ ಸಂಗತಿ. ನಾನಿರುವ ಈ ಮುಂಬಯಿಗೆ ಮಾತ್ರ ಅದು ದೊಡ್ಡ ಜಗಳ ಮಾಡಿಕೊಂಡೇ ಬಂದದ್ದು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ರೈಲು ಓಡುತ್ತಿದ್ದುದು ಮದ್ರಾಸ್ ಟೈಮಿಗೆ, ಜನ ಏಳುತ್ತಿದ್ದುದು ಬಾಂಬೆ ಟೈಮಿಗೆ. ಎರಡಕ್ಕೂ ಅರ್ಧ ಗಂಟೆಯ ಅಂತರ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಸರ್ಕಾರಿ ಕಚೇರಿಗಳಿಗೂ ಮದ್ರಾಸ್ ಟೈಮೇ ಎಂದರು. ಊರು ಒಪ್ಪಲಿಲ್ಲ. 1883ರಲ್ಲಿ ಆ ಆಜ್ಞೆ ವಾಪಸಾಯಿತು. ಮುಂದೆ 1906ರ ಜನವರಿ 1ರಿಂದ ಈಗಿನ ಭಾರತೀಯ ಸಮಯ ಬಂತು. ಅದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಬಾಂಬೆ ಟೈಮಿಗಿಂತ 39 ನಿಮಿಷ ಮುಂದೆ.

39 ನಿಮಿಷ ತಾನೇ, ಏನು ಮಹಾ ಅಂತೀರಾ? 'ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ' ಅನ್ನುವ ಮಾತನ್ನೇ ನೋಡಿ. ಗಡಿಯಾರ ಯಾವುದಾದರೂ ಅವಧಿ ಹನ್ನೆರಡು ಗಂಟೆಯೇ. ಆದರೆ ಹೊಸ ಗಡಿಯಾರದ ಆರು ಅಂದರೆ ಹಳೆಯದರಲ್ಲಿ 5.21. ಕೂಲಿಯವನು ಕತ್ತಲಲ್ಲೇ ಎದ್ದು ಓಡಬೇಕು. ಆ ಜನವರಿಯಲ್ಲೇ ಜೇಕಬ್ ಸಾಸೂನ್ ಮಿಲ್ಲಿನ ಸಾವಿರಾರು ಕೆಲಸಗಾರರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. 'ಎಷ್ಟು ಹೊತ್ತು' ಅನ್ನುವುದು ಬೇರೆ, 'ಯಾವಾಗಿನಿಂದ ಯಾವಾಗಿನವರೆಗೆ' ಅನ್ನುವುದು ಬೇರೆ ಅಂತ ಅವರಿಗೆ ಯಾವ ವ್ಯಾಕರಣದ ಮೇಷ್ಟ್ರೂ ಹೇಳಿಕೊಡಬೇಕಿರಲಿಲ್ಲ. ನಗರಪಾಲಿಕೆಯೂ ಹಠ ಬಿಡಲಿಲ್ಲ. ಅದರ ಗಡಿಯಾರಗಳು ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ಬಾಂಬೆ ಟೈಮನ್ನೇ ತೋರಿಸುತ್ತಿದ್ದವು.

ಆ ಜಗಳ ಮುಗಿಯಿತು. ಆದರೆ ಹೊರಗಿನಿಂದ ಬಂದ ನಮ್ಮಂಥವರಿಗೆ 'ಇಂದ' ಮತ್ತು 'ವರೆಗೆ'ಯ ಲೆಕ್ಕ ಇನ್ನೂ ಮುಗಿದಿಲ್ಲ. "ಮೂವತ್ತು ವರ್ಷ ಮುಂಬಯಿಯಲ್ಲಿದ್ದೆ" ಅಂದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ವಾಪಸಾದ ಹಾಗೆ. "ಮೂವತ್ತು ವರ್ಷದಿಂದ ಇದ್ದೀನಿ" ಅಂದರೆ ಇನ್ನೂ ಇಲ್ಲೇ. ಮರಾಠಿಯವರ 'ಪಾಸೂನ್' ಕೂಡ ಇದೇ ಕೆಲಸ ಮಾಡುತ್ತದೆ. ನಡುವಿನ ಮೂವತ್ತು ವರ್ಷ ಅದೇ. ಒಂದು ಪ್ರತ್ಯಯದಲ್ಲಿ ಮನುಷ್ಯ ಎಲ್ಲಿಯವನು ಅನ್ನುವುದೇ ಬದಲಾಗುತ್ತದೆ.

ಹೋಟೆಲಿಗೆ, ಮಿಲ್ಲಿಗೆ, ಆಫೀಸಿಗೆ ಅಂತ ಬಂದ ನಮ್ಮವರು ಅನೇಕರು 'ರಿಟೈರ್ ಆಗುವವರೆಗೆ' ಅಂದುಕೊಂಡೇ ಬಂದವರು. ರಿಟೈರ್ ಆದಮೇಲೆ ಅದು 'ಮಗಳ ಮದುವೆಯವರೆಗೆ' ಆಯಿತು, ಆಮೇಲೆ 'ಮೊಮ್ಮಗ ಶಾಲೆಗೆ ಸೇರುವವರೆಗೆ'. ಊರು ಬಿಟ್ಟ ದಿನ ಎಲ್ಲರಿಗೂ ಬಾಯಿಪಾಠ. ಕೊನೆಯ ದಿನವನ್ನು ಮಾತ್ರ ಮುಂದಕ್ಕೆ ಜರುಗಿಸುತ್ತಲೇ ಇರುತ್ತೇವೆ. ಆದ್ದರಿಂದ ನಾವು ಊರಿಗೆ ಬಂದಾಗ "ಯಾವಾಗ ಪೂರ್ತಿ ವಾಪಸ್ ಬರ್ತೀರಿ?" ಅಂತ ಕೇಳಬೇಡಿ. ಎಷ್ಟು ವರ್ಷದಿಂದ ಅಲ್ಲಿದ್ದೀರಿ ಅಂತ ಕೇಳಿ. ಅದಕ್ಕಾದರೆ ನಮ್ಮ ಹತ್ತಿರ ಉತ್ತರ ಇದೆ.