ಹ್ಯಾಂಡಿಕ್ಯಾಪ್ (ಟೆನ್‌ಪಿನ್ ಬೌಲಿಂಗ್)
ಅಮೆರಿಕದ ಹವ್ಯಾಸಿ ಬೌಲಿಂಗ್ ಲೀಗ್‌ಗಳಲ್ಲಿ ಅಸಮಾನ ಸಾಮರ್ಥ್ಯದ ಆಟಗಾರರನ್ನು ಹೋಲಿಸಲು ಅವರ ಅಂಕಗಳಿಗೆ ಸೇರಿಸುವ ಪೂರಕ ಪಿನ್‌ಗಳ ಸಂಖ್ಯೆ. ಒಟ್ಟು ಬೀಳಿಸಿದ ಪಿನ್‌ಗಳನ್ನು ಆಟಗಳ ಸಂಖ್ಯೆಯಿಂದ ಭಾಗಿಸಿದರೆ ಆಟಗಾರನ ಸರಾಸರಿ ಸಿಗುತ್ತದೆ; ಭಿನ್ನಾಂಶವನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ಲೀಗ್ ಒಂದು ಮೂಲಾಂಕವನ್ನು ಗೊತ್ತುಮಾಡಿ, ಅದಕ್ಕೂ ಸರಾಸರಿಗೂ ಇರುವ ಅಂತರದ ಶೇ. 80, 90 ಅಥವಾ 100ರಷ್ಟನ್ನು ನೀಡುತ್ತದೆ.

ಮೂಲಾಂಕ 220, ಪ್ರಮಾಣ ಶೇ. 90 ಎನ್ನಿ. 150 ಸರಾಸರಿಯವರಿಗೆ 63, 190ರವರಿಗೆ 27 ಪಿನ್ ದೊರೆಯುತ್ತವೆ. ಮೊದಲನೆಯವರು 165, ಎರಡನೆಯವರು 195 ಗಳಿಸಿದರೆ ಲೆಕ್ಕ 228–222, ಗೆಲುವು ದುರ್ಬಲರದೇ. ಆದರೂ 40 ಪಿನ್‌ಗಳ ಅಂತರದಲ್ಲಿ 36 ಮಾತ್ರ ತುಂಬಿರುವುದರಿಂದ ಬಲಿಷ್ಠರಿಗೆ 4 ಪಿನ್‌ಗಳ ಅನುಕೂಲ ಉಳಿಯುತ್ತದೆ. ಇದು ಲೋಪವಲ್ಲ, ನೈಪುಣ್ಯಕ್ಕೆ ಕೊಟ್ಟ ಮನ್ನಣೆ. ಮೂಲಾಂಕವು ಲೀಗ್‌ನ ಅತ್ಯುನ್ನತ ಸರಾಸರಿಗಿಂತ ಕೆಳಗಿದ್ದರೆ ಮಾತ್ರ ವ್ಯವಸ್ಥೆ ನಿಜಕ್ಕೂ ಕುಂಟುತ್ತದೆ.

ಬೇಕೆಂದೇ ಕಳಪೆಯಾಗಿ ಆಡಿ ಸರಾಸರಿ ತಗ್ಗಿಸಿಕೊಳ್ಳುವುದಕ್ಕೆ ಸ್ಯಾಂಡ್‌ಬ್ಯಾಗಿಂಗ್ ಎನ್ನುತ್ತಾರೆ. ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್‌ನ ನಿಯಮಗಳು ಇದನ್ನು ನಿಷೇಧಿಸುತ್ತವೆ; ಸಾಬೀತುಪಡಿಸುವುದು ಮಾತ್ರ ಕಷ್ಟ. ಲೇನ್‌ಗೆ ಹಚ್ಚುವ ಎಣ್ಣೆಯ ವಿನ್ಯಾಸ ಬದಲಾದರೆ ಸರಾಸರಿಯೂ ಏರುಪೇರಾಗುವುದರಿಂದ, ಬೇರೆ ಬೇರೆ ಕೇಂದ್ರಗಳ ಸರಾಸರಿಗಳನ್ನು ನೇರವಾಗಿ ಹೋಲಿಸಲಾಗದು.